ದೀಕ್ಷೆಗೆ ಮೊದಲು

ಮಗಳೇ,

ಇಸ್ಕಾನಿನವರು ಹೇಳುವುದನ್ನು ನಂಬಬಹುದಾ ದೊಡ್ಡಮ್ಮಾ ಅಂತ ಕೇಳಿದ್ದೀಯ. ನೀನು ಕೇಳುವ ಮೊದಲೇ ನಿನ್ನ ಅಮ್ಮ ಫೋನ್ ಮಾಡಿ, ಹುಡುಗಿ ಈರುಳ್ಳಿ ಬಿಟ್ಟಳು, ಕಾಫಿ ಬಿಟ್ಟಳು, ಇನ್ನು ನಮ್ಮನ್ನು ಬಿಡುವುದೊಂದು ಬಾಕಿ ಅಂತ ಅತ್ತಾಗಿದೆ. ನಮ್ಮ ಅಜ್ಜಿ ಚಾತುರ್ಮಾಸ್ಯದ ನಾಲ್ಕು ತಿಂಗಳಲ್ಲಿ ತರಕಾರಿ, ಮೊಸರು, ಹಾಲು, ದ್ವಿದಳ ಅಂತ ಒಂದೊಂದನ್ನಾಗಿ ಬಿಡುತ್ತಿದ್ದದ್ದನ್ನು ಅವಳಿಗೆ ನೆನಪು ಮಾಡಿಕೊಟ್ಟು ಫೋನ್ ಇಟ್ಟೆ. ನಿನಗೆ ಹೇಳಬೇಕಾದದ್ದು ಫೋನಿನಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೌದು ಅಥವಾ ಇಲ್ಲ ಅನ್ನುವ ಉತ್ತರ ನನ್ನಿಂದ ಬರುವುದಿಲ್ಲ. ನೀನು ಒಂದು ಪ್ರಶ್ನೆ ಅಂದುಕೊಂಡಿರುವುದರ ಒಳಗೆ ಹಲವು ಪ್ರಶ್ನೆಗಳಿವೆ. ಇವರ ಪರಂಪರೆ ನಿಜವಾ? ಗೀತೆಗೆ ಇವರು ಹೇಳುವ ಅರ್ಥವೇ ಅರ್ಥವಾ? ಚಂದ್ರಲೋಕದ ಬಗ್ಗೆ, ಹೆಂಗಸರ ಬಗ್ಗೆ ಇವರ ಗುರುಗಳು ಆಡಿದ ಮಾತು ಸರಿಯಾ? ಈ ಸಂಸ್ಥೆಯ ಕೈಗೆ ನನ್ನ ಸಂಬಳ, ನನ್ನ ಮದುವೆ, ನನ್ನ ವರ್ಷಗಳನ್ನು ಒಪ್ಪಿಸಬಹುದಾ? ಅಕ್ಕಿ ಚೆನ್ನಾಗಿದೆ ಅಂತ ಅದೇ ಅಂಗಡಿಯ ಬೇಳೆಯನ್ನು ಬಿಚ್ಚಿ ನೋಡದೆ ಕಟ್ಟಿಸಿಕೊಂಡು ಬರುವವರಲ್ಲ ನಮ್ಮ ಮನೆಯವರು. ಕೀರ್ತನೆಯಲ್ಲಿ ಕಣ್ಣು ತುಂಬಿ ಬಂತು, ಪ್ರಸಾದ ರುಚಿಯಾಗಿತ್ತು, ಭಾನುವಾರದ ಕ್ಲಾಸಿನಲ್ಲಿ ಕೂತವರೆಲ್ಲ ಸಭ್ಯರು, ಆದ್ದರಿಂದ ಅವರು ಹೇಳಿದ್ದೆಲ್ಲ ಸರಿ ಅನ್ನುತ್ತೀಯಲ್ಲ, ಆ ‘ಆದ್ದರಿಂದ’ದ ಹತ್ತಿರ ಸ್ವಲ್ಪ ನಿಂತುಕೋ.

ಮೊದಲು ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. ಭಕ್ತಿವೇದಾಂತ ಸ್ವಾಮಿ ಪ್ರಭುಪಾದರು ಟಿವಿಯಲ್ಲಿ ಮೊನ್ನೆ ಹುಟ್ಟಿಕೊಂಡ ಬಾಬಾ ಅಲ್ಲ. 1896ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ, ಔಷಧದ ವ್ಯಾಪಾರ ಮಾಡಿ, ಸಂಸಾರ ನಡೆಸಿ, 1933ರಲ್ಲಿ ಗೌಡೀಯ ಮಠದ ಭಕ್ತಿಸಿದ್ಧಾಂತ ಸರಸ್ವತಿಗಳಿಂದ ದೀಕ್ಷೆ ಪಡೆದು, 1959ರಲ್ಲಿ ಸಂನ್ಯಾಸ ತೆಗೆದುಕೊಂಡವರು. 1965ರಲ್ಲಿ ಜಲದೂತ ಎಂಬ ಸರಕು ಹಡಗಿನಲ್ಲಿ ಅಮೆರಿಕ ತಲುಪಿದಾಗ ಅವರಿಗೆ ಅರವತ್ತೊಂಬತ್ತು ವರ್ಷ. ಹಡಗಿನಲ್ಲೇ ಹೃದಯಾಘಾತ ಆಗಿತ್ತು. ಮರುವರ್ಷ ನ್ಯೂಯಾರ್ಕಿನಲ್ಲಿ ಸಂಘ ಕಟ್ಟಿದರು, 1977ರಲ್ಲಿ ವೃಂದಾವನದಲ್ಲಿ ಕಣ್ಣು ಮುಚ್ಚಿದರು. ನಡುವಿನ ಹನ್ನೊಂದು ವರ್ಷಗಳಲ್ಲಿ ಆ ಮುದುಕರು ಮಾಡಿದ ಕೆಲಸವನ್ನು ಯಾರೂ ತಮಾಷೆ ಮಾಡುವ ಹಾಗಿಲ್ಲ. ಸಂಸ್ಕೃತ ಪಾಠ ಮಾಡಿದವಳಾಗಿ ನನಗೆ ಅವರ ಪುಸ್ತಕದಲ್ಲಿ ಒಂದು ಸಂಗತಿ ತುಂಬಾ ಹಿಡಿಸುತ್ತದೆ: ಮೂಲ ಶ್ಲೋಕ, ಪ್ರತಿಪದಾರ್ಥ, ತಾತ್ಪರ್ಯ, ಆಮೇಲೆ ವಿವರಣೆ, ನಾಲ್ಕನ್ನೂ ಬಿಡಿಬಿಡಿಯಾಗಿ ಅಚ್ಚು ಹಾಕಿದ್ದಾರೆ. ಓದುವವರು ಬಯಸಿದರೆ ಶ್ಲೋಕ ಎಲ್ಲಿ ಮುಗಿಯಿತು, ಸ್ವಾಮಿಗಳ ಮಾತು ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ನೋಡಬಹುದು. ಹಾಗೆ ನೋಡುವವರು ಎಷ್ಟು ಜನ ಅನ್ನುವುದು ಬೇರೆ ಮಾತು.

ಈಗ ಪರಂಪರೆ. ಇದರ ಮೇಲೆ ನಮಗೆ ಉಡುಪಿ ಸೀಮೆಯವರಿಗೆ ವಿಶೇಷ ಹಕ್ಕಿದೆ, ಯಾಕೆಂದರೆ ಅವರು ತಮ್ಮನ್ನು ಬ್ರಹ್ಮ-ಮಾಧ್ವ-ಗೌಡೀಯ ಸಂಪ್ರದಾಯ ಅಂತ ಕರೆದುಕೊಳ್ಳುತ್ತಾರೆ. ಅವರ ಗೀತೆಯ ಪೀಠಿಕೆಯ ಕೊನೆಗೆ ಮೂವತ್ತೆರಡು ಹೆಸರಿನ ಗುರುಪರಂಪರೆ ಇದೆ. ಕೃಷ್ಣನಿಂದ ಬ್ರಹ್ಮ, ನಾರದ, ವ್ಯಾಸ, ಮಧ್ವರು, ಪದ್ಮನಾಭತೀರ್ಥರು ಅಂತ ಇಳಿದು ನಮ್ಮ ವ್ಯಾಸತೀರ್ಥರವರೆಗೆ ಬರುತ್ತದೆ. ಅಲ್ಲಿಂದ ಲಕ್ಷ್ಮೀಪತಿ, ಮಾಧವೇಂದ್ರ ಪುರಿ, ಈಶ್ವರ ಪುರಿ, ಆಮೇಲೆ ಚೈತನ್ಯರು. ನಿನ್ನ ಕ್ಲಾಸಿನಲ್ಲಿ ಇದನ್ನು ಎದೆ ಮುಟ್ಟಿ ಹೇಳಿರುತ್ತಾರೆ. ಒಂದು ಕಾಗದ ತೆಗೆದುಕೊಂಡು ಇಸವಿ ಹಾಕಿ ನೋಡು. ವ್ಯಾಸತೀರ್ಥರು, ಅಂದರೆ ಹಂಪೆಯಲ್ಲಿ ಕೃಷ್ಣದೇವರಾಯನ ಕಾಲದಲ್ಲಿದ್ದ ವ್ಯಾಸರಾಯರು, ಪುರಂದರ ಕನಕರ ಗುರುಗಳು, ಹುಟ್ಟಿದ್ದು 1460ರಲ್ಲಿ, ವೃಂದಾವನಸ್ಥರಾದದ್ದು 1539ರಲ್ಲಿ. ಚೈತನ್ಯರು ಹುಟ್ಟಿದ್ದು 1486ರಲ್ಲಿ. ಇಬ್ಬರಿಗೂ ಇಪ್ಪತ್ತಾರು ವರ್ಷದ ಅಂತರ. ವ್ಯಾಸರಾಯರ ಶಿಷ್ಯ, ಆ ಶಿಷ್ಯನ ಶಿಷ್ಯ, ಅವರ ಶಿಷ್ಯ, ಮೂರು ತಲೆಮಾರು ಈ ಸಂದಿಯಲ್ಲಿ ಹಿಡಿಯಬೇಕು. ಕಷ್ಟ. ವ್ಯಾಸರಾಜ ಮಠದ ಪೀಠದಲ್ಲಿ ವ್ಯಾಸರಾಯರ ನಂತರ ಬರುವ ಹೆಸರು ಶ್ರೀನಿವಾಸತೀರ್ಥರದು. ಪುರಿ ಅನ್ನುವ ನಾಮ ಮಾಧ್ವ ಯತಿಗಳದ್ದೂ ಅಲ್ಲ, ಶಂಕರ ಸಂಪ್ರದಾಯದ ದಶನಾಮಿಗಳದ್ದು. ಚೈತನ್ಯರಿಗೆ ಸಂನ್ಯಾಸ ಕೊಟ್ಟವರು ಕೇಶವ ಭಾರತಿ, ಅದೂ ದಶನಾಮಿಗಳ ಹೆಸರೇ.

ಇನ್ನೂ ಸ್ವಾರಸ್ಯ ಬೇಕಿದ್ದರೆ ಅವರ ಪರಮಪ್ರಮಾಣ ಗ್ರಂಥವನ್ನೇ ತೆರೆ. ಕೃಷ್ಣದಾಸ ಕವಿರಾಜರ ಬಂಗಾಳಿ ಚೈತನ್ಯಚರಿತಾಮೃತದ ಮಧ್ಯಲೀಲೆಯ ಒಂಬತ್ತನೆಯ ಅಧ್ಯಾಯದಲ್ಲಿ ಚೈತನ್ಯರು ದಕ್ಷಿಣಯಾತ್ರೆ ಮಾಡುತ್ತಾ ಉಡುಪಿಗೆ ಬರುತ್ತಾರೆ. ಕೃಷ್ಣನ ಎದುರು ಕುಣಿಯುತ್ತಾರೆ. ಆಮೇಲೆ ತತ್ತ್ವವಾದಿಗಳ, ಅಂದರೆ ಮಾಧ್ವರ, ಆಚಾರ್ಯರೊಡನೆ ಮಾತಾಗುತ್ತದೆ. ಸಾಧನ ಯಾವುದು, ಸಾಧ್ಯ ಯಾವುದು ಅಂತ ಚೈತನ್ಯರು ಕೇಳುತ್ತಾರೆ. ವರ್ಣಾಶ್ರಮಧರ್ಮವನ್ನು ಕೃಷ್ಣಾರ್ಪಣ ಮಾಡುವುದು ಸಾಧನ, ಮುಕ್ತಿ ಸಾಧ್ಯ ಅಂತ ಆಚಾರ್ಯರು. ಅದನ್ನು ಚೈತನ್ಯರು ಒಪ್ಪುವುದಿಲ್ಲ. ಶ್ರವಣ ಕೀರ್ತನಗಳೇ ಸಾಧನ, ಪ್ರೇಮವೇ ಸಾಧ್ಯ, ಮುಕ್ತಿಯನ್ನು ಭಕ್ತ ಕಣ್ಣೆತ್ತಿಯೂ ನೋಡುವುದಿಲ್ಲ ಅನ್ನುತ್ತಾರೆ. ‘ನಿಮ್ಮ ಸಂಪ್ರದಾಯ’ದಲ್ಲಿ ಭಗವಂತನ ಮೂರ್ತಿಯನ್ನು ಸತ್ಯ ಅಂತ ಒಪ್ಪಿರುವುದೊಂದು ಗುಣ ಅಂತ ಮೆಚ್ಚಿ ಮುಂದೆ ಹೋಗುತ್ತಾರೆ. ಚೈತನ್ಯರು ಮಧ್ವಪರಂಪರೆಯ ಒಳಗಿನವರಾಗಿದ್ದರೆ ಈ ಸಂಭಾಷಣೆ ಹೀಗೆ ನಡೆಯುತ್ತಿತ್ತಾ? ವಿದ್ವಾಂಸರು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿದ್ದಾರೆ.

ಹಾಗಾದರೆ ಆ ಪಟ್ಟಿ ಎಲ್ಲಿಂದ ಬಂತು? 1576ರ ಕವಿಕರ್ಣಪೂರನ ಗೌರಗಣೋದ್ದೇಶದೀಪಿಕೆಯಲ್ಲೇ ಅದು ಇದೆ, ಇಸ್ಕಾನಿನವರು ಕಟ್ಟಿದ್ದಲ್ಲ. ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಕಡೆ, ನಿಮ್ಮದು ಯಾವ ಸಂಪ್ರದಾಯ, ಬ್ರಹ್ಮಸೂತ್ರಕ್ಕೆ ನಿಮ್ಮ ಭಾಷ್ಯ ಎಲ್ಲಿ ಅಂತ ಇತರ ವೈಷ್ಣವರು ಗೌಡೀಯರನ್ನು ಕೇಳಿದಾಗ, ಮಾಧ್ವಶಾಸ್ತ್ರ ಓದಿಕೊಂಡಿದ್ದ ಬಲದೇವ ವಿದ್ಯಾಭೂಷಣರು ಗೋವಿಂದಭಾಷ್ಯ ಬರೆದು ಈ ಕೊಂಡಿಯನ್ನು ಗಟ್ಟಿ ಮಾಡಿದರು. ನನ್ನ ಅಭಿಪ್ರಾಯ ಕೇಳಿದರೆ, ಚೈತನ್ಯರಿಂದ ಈಚಿನ ಐನೂರು ವರ್ಷದ ಗೌಡೀಯ ಪರಂಪರೆ ಅಪ್ಪಟ ನಿಜ. ರೂಪ, ಸನಾತನ, ಜೀವ ಗೋಸ್ವಾಮಿಗಳು ದೊಡ್ಡ ಪಂಡಿತರು, ಅವರ ಗ್ರಂಥಗಳ ಮುಂದೆ ಯಾರಾದರೂ ತಲೆಬಾಗಬೇಕು. ಮಧ್ವರವರೆಗಿನ ಕೊಂಡಿ ಮಾತ್ರ ಇತಿಹಾಸದ ಪರೀಕ್ಷೆಗೆ ಸಡಿಲ.

ಇದರಿಂದ ನನಗೇನು, ಕೃಷ್ಣಭಕ್ತಿ ತಾನೇ ಅನ್ನಬೇಡ. ನಿನಗೆ ಕ್ಲಾಸಿನಲ್ಲಿ ಹೇಳಿರುವ ವಾದ ಇಷ್ಟು: ಕೃಷ್ಣ ಅರ್ಜುನನಿಗೆ ಹೇಳಿದ್ದು ಗುರುವಿನಿಂದ ಗುರುವಿಗೆ ಕಿಂಚಿತ್ತೂ ಬದಲಾಗದೆ ನಮ್ಮವರೆಗೆ ಬಂದಿದೆ, ಹಾಗಾಗಿ ನಮ್ಮ ಮಾತು ಕೃಷ್ಣನ ಮಾತು. ಕೊಂಡಿಯನ್ನು ಒಪ್ಪಿಕೊಂಡೇ ನೋಡು. ಮಧ್ವರು ಜೀವೇಶ್ವರರಿಗೆ ಶುದ್ಧ ಭೇದ ಹೇಳಿದರು, ಜೀವರಲ್ಲಿ ತಾರತಮ್ಯ ಹೇಳಿದರು, ಮತ್ಸ್ಯ ಕೂರ್ಮಾದಿ ಯಾವ ರೂಪಕ್ಕೂ ಕೃಷ್ಣರೂಪಕ್ಕೂ ಹೆಚ್ಚು ಕಡಿಮೆ ಇಲ್ಲ ಅಂದರು. ಗೌಡೀಯರು ಅಚಿಂತ್ಯ ಭೇದಾಭೇದ ಅನ್ನುತ್ತಾರೆ, ಕೃಷ್ಣನೇ ಮೂಲ, ವಿಷ್ಣು ಅವನ ವಿಸ್ತಾರ ಅನ್ನುತ್ತಾರೆ, ರಾಧೆಯನ್ನು ಎಲ್ಲರ ಮೇಲಿಡುತ್ತಾರೆ, ಚೈತನ್ಯರನ್ನೇ ಕೃಷ್ಣ ಅನ್ನುತ್ತಾರೆ. ಯಾರು ಸರಿ ಅಂತ ನಾನು ಇಲ್ಲಿ ತೀರ್ಪು ಕೊಡಲು ಕೂತಿಲ್ಲ. ಒಂದೇ ಪಟ್ಟಿಯ ಐದನೆಯವರು ಹೇಳಿದ್ದನ್ನು ಇಪ್ಪತ್ತೆರಡನೆಯವರು ಹೇಳಲಿಲ್ಲ, ಅಷ್ಟೇ. ಹೊಸದು ಹೇಳುವುದು ತಪ್ಪಲ್ಲ. ಹೊಸದನ್ನು ಹೇಳಿ, ಏನೂ ಬದಲಾಗಿಲ್ಲ ಅನ್ನುವಾಗ ಮಾತ್ರ ಕೇಳುವವರು ಕಿವಿ ನಿಮಿರಿಸಬೇಕು.

ಗೀತೆಯ ವಿಷಯವೂ ಇದೇ. ಅವರ ಪುಸ್ತಕದ ಹೆಸರಲ್ಲೇ ‘ಯಥಾರೂಪ’ ಇದೆ. ಮಿಕ್ಕವರದ್ದೆಲ್ಲ ವ್ಯಾಖ್ಯಾನ, ನಮ್ಮದು ಗೀತೆ ಇದ್ದ ಹಾಗೆ ಅಂತ ಅದರ ವಾದ. ಹದಿನೆಂಟನೆಯ ಅಧ್ಯಾಯದ ಅರವತ್ತಾರನೆಯ ಶ್ಲೋಕ ತೆಗೆದುಕೋ, ಎಲ್ಲ ಧರ್ಮ ಬಿಟ್ಟು ನನ್ನೊಬ್ಬನನ್ನೇ ಶರಣು ಹೋಗು ಅಂತ ಕೃಷ್ಣ ಹೇಳುವುದು. ಶಂಕರರು ಅಲ್ಲಿ ಸರ್ವಕರ್ಮಸಂನ್ಯಾಸವನ್ನು, ನನಗಿಂತ ಬೇರೆ ಇಲ್ಲ ಎಂಬ ಜ್ಞಾನವನ್ನು ಕಾಣುತ್ತಾರೆ. ರಾಮಾನುಜರು ಒಂದಲ್ಲ, ಎರಡು ಅರ್ಥ ಕೊಡುತ್ತಾರೆ. ಧರ್ಮತ್ಯಾಗ ಅಂದರೆ ಫಲತ್ಯಾಗ ಅಂತ ಮಧ್ವರು. ಪ್ರಭುಪಾದರು ಹಿಂದೆ ಹೇಳಿದ ದಾರಿಗಳನ್ನೆಲ್ಲ ಬಿಟ್ಟು ನೇರ ಕೃಷ್ಣನಿಗೆ ಶರಣು ಅನ್ನುತ್ತಾರೆ. ಇದೂ ಒಂದು ಭಾಷ್ಯವೇ ಹೊರತು ಗೀತೆಯ ಬರಿಮೈ ಅಲ್ಲ. 2011ರಲ್ಲಿ ರಷ್ಯದ ತೋಮ್ಸ್ಕ್ ಊರಿನ ಸರ್ಕಾರಿ ವಕೀಲರು ಈ ಪುಸ್ತಕದ ರಷ್ಯನ್ ಆವೃತ್ತಿಯನ್ನು ನಿಷೇಧಿಸಬೇಕು ಅಂತ ಕೋರ್ಟಿಗೆ ಹೋದದ್ದು ನಿನಗೆ ನೆನಪಿರಲಿಕ್ಕಿಲ್ಲ. ಅವರ ತಕರಾರು ಇದ್ದದ್ದು ಮುಖ್ಯವಾಗಿ ವಿವರಣೆಗಳ ಮೇಲೆ. ನಮ್ಮ ಪತ್ರಿಕೆಗಳಲ್ಲಿ, ಪಾರ್ಲಿಮೆಂಟಿನಲ್ಲಿ ಗದ್ದಲವಾದದ್ದು ಗೀತೆಯನ್ನೇ ನಿಷೇಧಿಸುತ್ತಿದ್ದಾರೆ ಅಂತ. ಕೋರ್ಟು ಆ ಅರ್ಜಿಯನ್ನು ತಳ್ಳಿಹಾಕಿತು, ಒಳ್ಳೆಯದೇ ಆಯಿತು. ಆದರೆ ಪುಸ್ತಕವನ್ನೂ ಗೀತೆಯನ್ನೂ ಒಂದೇ ಮಾಡಿಕೊಳ್ಳುವ ಅಭ್ಯಾಸ ನಮಗೆಲ್ಲ ಎಷ್ಟು ಸಲೀಸು ಅಂತ ಆಗ ಕಂಡಿತು. ಅಷ್ಟಕ್ಕೂ ಆ ಯಥಾರೂಪವೇ 1972ರಲ್ಲಿ ಒಂದಿತ್ತು, ಸ್ವಾಮಿಗಳು ಹೋದ ಮೇಲೆ 1983ರಲ್ಲಿ ಶಿಷ್ಯರು ತಿದ್ದಿದ ಇನ್ನೊಂದು ಬಂತು, ಯಾವುದು ಪ್ರಮಾಣ ಅಂತ ಅವರವರಲ್ಲೇ ಇವತ್ತಿಗೂ ಜಗಳ ಇದೆ.

ಬೇರೆ ಭಾಷ್ಯ ಓದಬೇಡ, ಮಾಯಾವಾದಿಗಳದ್ದು, ಅಂದರೆ ಅದ್ವೈತಿಗಳದ್ದು, ಕಿವಿಗೆ ಬಿದ್ದರೂ ಭಕ್ತಿ ಹಾಳು ಅಂತ ನಿನಗೆ ಹೇಳಿದ್ದಾರೆ ಅಂದೆಯಲ್ಲ, ಆ ಎಚ್ಚರಿಕೆ ಚರಿತಾಮೃತದಲ್ಲೇ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಮಧ್ವರು ತಮಗಿಂತ ಹಿಂದಿನ ಇಪ್ಪತ್ತೊಂದು ಭಾಷ್ಯಗಳನ್ನು ಖಂಡಿಸಿದರು ಅಂತ ನಮ್ಮ ಸಂಪ್ರದಾಯ ಹೇಳುತ್ತದೆ, ಓದದೆ ಖಂಡಿಸುವುದು ಹೇಗೆ? ವ್ಯಾಸರಾಯರು ನ್ಯಾಯಾಮೃತದಲ್ಲಿ ಅದ್ವೈತದ ವಾದಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು ಪರೀಕ್ಷಿಸಿದರು. ಅದಕ್ಕೆ ಅದ್ವೈತಸಿದ್ಧಿ ಬರೆದು ಉತ್ತರ ಕೊಟ್ಟ ಮಧುಸೂದನ ಸರಸ್ವತಿಗಳು ಬಂಗಾಳದವರು, ಅದ್ವೈತಿ, ಮೇಲಾಗಿ ದೊಡ್ಡ ಕೃಷ್ಣಭಕ್ತರು. ಅದಕ್ಕೆ ಮತ್ತೆ ಪ್ರತ್ಯುತ್ತರವಾಗಿ ತರಂಗಿಣಿ ಬರೆದ ವ್ಯಾಸ ರಾಮಾಚಾರ್ಯರು ಮಧುಸೂದನರ ಹತ್ತಿರವೇ ಶಿಷ್ಯರಾಗಿ ಕೂತು ಓದಿ ಬಂದರು ಅಂತ ಒಂದು ಕತೆಯೂ ಇದೆ. ಪೂರ್ವಪಕ್ಷವನ್ನು ಎದುರಾಳಿಗಿಂತ ಚೆನ್ನಾಗಿ ಹೇಳಿ ಆಮೇಲೆ ಸಿದ್ಧಾಂತಕ್ಕೆ ಬರುವುದು ಈ ದೇಶದ ಹಳೆಯ ಮರ್ಯಾದೆ. ನೀನು ಪ್ರಭುಪಾದರನ್ನು ಓದು, ಬಿಡು ಅನ್ನುವುದಿಲ್ಲ. ಪಕ್ಕದಲ್ಲಿ ಡಿ.ವಿ.ಜಿ.ಯವರ ಜೀವನಧರ್ಮಯೋಗ ಇಟ್ಟುಕೊಂಡು ಓದು.

ಚಂದ್ರನ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ಭಾಗವತದ ಐದನೆಯ ಸ್ಕಂಧದ ಲೆಕ್ಕದಲ್ಲಿ ಚಂದ್ರ ಸೂರ್ಯನಿಗಿಂತ ಲಕ್ಷ ಯೋಜನ ಮೇಲಿದ್ದಾನೆ, ಅದನ್ನು ಪ್ರಭುಪಾದರು ಅಕ್ಷರಶಃ ಹಿಡಿದು, ಮನುಷ್ಯ ಚಂದ್ರನ ಮೇಲೆ ಇಳಿಯಲೇ ಇಲ್ಲ ಅಂತ ಮತ್ತೆ ಮತ್ತೆ ಹೇಳಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ಅದನ್ನು ನಡೆಸಿದ ಕೊಠಡಿ ಇದ್ದದ್ದು ಪೀಣ್ಯದಲ್ಲಿ. ರಾಜಾಜಿನಗರದ ಇಸ್ಕಾನ್ ಬೆಟ್ಟದಿಂದ ಪೀಣ್ಯಕ್ಕೆ ನಿನ್ನ ಮೆಟ್ರೊದಲ್ಲಿ ಎಷ್ಟು ಸ್ಟೇಷನ್ ಮಾರಾಯ್ತಿ? ನಮ್ಮ ಶಾಸ್ತ್ರಕಾರರೇ ಇದಕ್ಕೆ ದಾರಿ ಹೇಳಿಟ್ಟಿದ್ದಾರೆ. ನೂರು ಶ್ರುತಿ ಬಂದು ಬೆಂಕಿ ತಣ್ಣಗಿದೆ ಅಂದರೂ ಅದು ಪ್ರಮಾಣವಾಗದು ಅನ್ನುವ ಅಭಿಪ್ರಾಯವನ್ನು ಶಂಕರರು ಗೀತಾಭಾಷ್ಯದಲ್ಲೇ ಹೇಳಿದ್ದಾರೆ. ಯಾವ ಪ್ರತ್ಯಕ್ಷವನ್ನು ಆಶ್ರಯಿಸಿ ಆಗಮ ನಿಂತಿದೆಯೋ ಆ ಪ್ರತ್ಯಕ್ಷವನ್ನೇ ಆಗಮ ಕೆಡವಲಾರದು ಅನ್ನುವುದು ಮಧ್ವರ ವಾದದ ಬೆನ್ನೆಲುಬು. ಚಂದ್ರನ ಬಗ್ಗೆ ಸ್ವಾಮಿಗಳ ಮಾತು ತಪ್ಪು ಅಂತ ಹೇಳಿದರೆ ಭಕ್ತಿಗೆ ಚ್ಯುತಿ ಬರುವುದಿಲ್ಲ. ಭಕ್ತಿಗೆ ಚ್ಯುತಿ ಬರುತ್ತದೆ ಅಂತ ಯಾರಾದರೂ ನಿನ್ನನ್ನು ಹೆದರಿಸಿದರೆ ಆ ಹೆದರಿಕೆಯನ್ನು ಗುರುತು ಹಾಕಿಕೋ.

ಹೆಂಗಸರ ಮಾತು ನಿನಗೂ ನನಗೂ ಸಂಬಂಧಿಸಿದ್ದು. ಹೆಣ್ಣಿನ ಮಿದುಳಿನ ತೂಕ ಕಡಿಮೆ, ಹಾಗಾಗಿ ಬುದ್ಧಿಯೂ ಕಡಿಮೆ ಅಂತ ಪ್ರಭುಪಾದರು ಹಲವು ಸಲ ಹೇಳಿದ್ದು ಅವರ ಮಾತುಗಳ ದಾಖಲೆಯಲ್ಲೇ ಇದೆ. ಅದನ್ನು ಅವರು ತಂದದ್ದು ವೇದದಿಂದಲ್ಲ, ಕಲ್ಕತ್ತೆಯ ಸ್ಕಾಟಿಷ್ ಚರ್ಚ್ ಕಾಲೇಜಿನಲ್ಲಿ ತಮಗೆ ಪಾಠ ಹೇಳಿದ ಪ್ರೊಫೆಸರರಿಂದ! ಅದೇ ಪ್ರಭುಪಾದರು ಹೆಂಗಸರಿಗೆ ಗಾಯತ್ರೀ ದೀಕ್ಷೆಯನ್ನೂ ಕೊಟ್ಟರು, ನಮ್ಮ ಯಾವ ಮಠವೂ ಆಗ ಅದನ್ನು ಮಾಡುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೋ. ಹೆಂಗಸು ದೀಕ್ಷಾಗುರು ಆಗಬಹುದು ಅಂತ ಅವರ ಆಡಳಿತ ಮಂಡಳಿ ಒಪ್ಪಿದ್ದು 2019ರಲ್ಲಿ, ಅದಕ್ಕೆ ದೊಡ್ಡ ವಿರೋಧ ಬಂದದ್ದು ಭಾರತದ ಶಾಖೆಯ ಹಿರಿಯರಿಂದ. ಹೆಣ್ಣುಮಕ್ಕಳ ಓದು, ಕೆಲಸ, ಮದುವೆಯ ವಯಸ್ಸು ಇವುಗಳ ಬಗ್ಗೆ ನಿನ್ನ ಕ್ಲಾಸಿನ ಪ್ರಭುಗಳು ಏನು ಹೇಳುತ್ತಾರೆ ಅಂತ ಗಮನಿಸು. ಅಲ್ಲಿ ಕೃಷ್ಣ ಮಾತಾಡುತ್ತಿದ್ದಾನಾ ಕಲ್ಕತ್ತೆಯ ಪ್ರೊಫೆಸರಾ ಅಂತ ನಿನಗೇ ತಿಳಿಯುತ್ತದೆ.

ಇಷ್ಟೆಲ್ಲ ಪುಸ್ತಕದ ಮಾತಾಯಿತು. ನನಗೆ ನಿಜವಾಗಿ ಕಳವಳ ಇರುವುದು ಸಂಸ್ಥೆಯ ಬಗ್ಗೆ. ಪುಸ್ತಕದಲ್ಲಿ ತಪ್ಪಿದ್ದರೆ ಪುಸ್ತಕವನ್ನು ಮುಚ್ಚಿ ಬದಿಗಿಡಬಹುದು, ಸಂಸ್ಥೆಗೆ ಕೊಟ್ಟ ಹತ್ತು ವರ್ಷ ಮರಳಿ ಬರುವುದಿಲ್ಲ.

1977ರ ಜುಲೈ 9ರಂದು, ಪ್ರಭುಪಾದರು ಕಾಯಿಲೆಯಲ್ಲಿ ಮಲಗಿದ್ದಾಗ, ಒಂದು ಪತ್ರ ಹೊರಟಿತು. ತಮ್ಮ ಪರವಾಗಿ ದೀಕ್ಷೆ ನಡೆಸಿಕೊಡಲು ಹನ್ನೊಂದು ಶಿಷ್ಯರ ಹೆಸರು ಅದರಲ್ಲಿತ್ತು, ಋತ್ವಿಕರು ಅಂತ. ನವೆಂಬರಿನಲ್ಲಿ ಸ್ವಾಮಿಗಳು ಹೋದರು. ಆ ಹನ್ನೊಂದು ಜನ ತಾವೇ ಗುರುಗಳು ಅಂದರು. ಭೂಮಿಯನ್ನು ವಲಯಗಳಾಗಿ ಹಂಚಿಕೊಂಡರು, ಒಬ್ಬೊಬ್ಬರಿಗೆ ಒಂದೊಂದು ಸಿಂಹಾಸನ, ಹೊಸ ಶಿಷ್ಯರಿಗೆ ಬೇರೆ ಆಯ್ಕೆಯೇ ಇಲ್ಲ. ನೀನು ಯಾವ ಊರಿನಲ್ಲಿದ್ದೀಯೋ ಆ ಊರಿನ ಗುರು ನಿನ್ನ ಗುರು. ಹತ್ತು ವರ್ಷದೊಳಗೆ ಅವರಲ್ಲಿ ಅರ್ಧದಷ್ಟು ಮಂದಿ ತಾವಾಗಿ ಬಿಟ್ಟರು ಅಥವಾ ಹೊರಗೆ ಹಾಕಿಸಿಕೊಂಡರು. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ನವವೃಂದಾವನ ಕಟ್ಟಿದ ಕೀರ್ತನಾನಂದ ಸ್ವಾಮಿಯನ್ನು 1987ರಲ್ಲಿ ಸಂಘದಿಂದ ತೆಗೆದರು. ಆತ 1996ರಲ್ಲಿ ಸಂಘಟಿತ ಅಪರಾಧದ ಆರೋಪವನ್ನು ಕೋರ್ಟಿನಲ್ಲಿ ಒಪ್ಪಿಕೊಂಡು ಜೈಲಿಗೆ ಹೋದ. ಇವರೆಲ್ಲ ಬೆಳಗಿನ ಜಾವ ಏಳುತ್ತಿದ್ದವರು, ಜಪ ಮಾಡುತ್ತಿದ್ದವರು, ಭಾಗವತ ಬಾಯಿಗೆ ಬಂದವರು. ಜಪಮಾಲೆ ನೋಡಿ ಮನುಷ್ಯನನ್ನು ಅಳೆಯಬೇಡ ಅಂತ ನಾನು ಹೇಳುವುದು ಇದಕ್ಕೇ.

ಮಕ್ಕಳ ಕತೆ ಇದಕ್ಕಿಂತ ಕಹಿ. ಗೃಹಸ್ಥ ಭಕ್ತರು ಪುಸ್ತಕ ಮಾರಲು, ಸೇವೆ ಮಾಡಲು ಬಿಡುವಾಗಿರಲಿ ಅಂತ ಮಕ್ಕಳನ್ನು ಚಿಕ್ಕಂದಿನಲ್ಲೇ ಗುರುಕುಲಗಳಿಗೆ ಕಳಿಸುತ್ತಿದ್ದರು. ಡಲ್ಲಾಸಿನಲ್ಲಿ 1971ರಲ್ಲಿ ಮೊದಲನೆಯದು, ಆಮೇಲೆ ನಮ್ಮ ವೃಂದಾವನದಲ್ಲೂ. ಅಲ್ಲಿ ಹೊಡೆತ, ಹಸಿವು, ಲೈಂಗಿಕ ದೌರ್ಜನ್ಯ ನಡೆದವು. ಬೆಳೆದು ದೊಡ್ಡವರಾದ ಆ ಮಕ್ಕಳು 2000ದಲ್ಲಿ ಟೆಕ್ಸಸ್‌ನಲ್ಲಿ ಮೊಕದ್ದಮೆ ಹೂಡಿದರು. 2005ರಲ್ಲಿ ನೂರಾರು ಮಂದಿಗೆ ಸುಮಾರು 95 ಲಕ್ಷ ಡಾಲರ್ ಪರಿಹಾರದ ಒಪ್ಪಂದವಾಯಿತು. ಇಲ್ಲಿ ಒಂದು ಮಾತು ಅವರ ಪರವಾಗಿ ಹೇಳಲೇಬೇಕು. 1998ರಲ್ಲಿ ಈ ದೌರ್ಜನ್ಯದ ಬಗ್ಗೆ ಸಮಾಜಶಾಸ್ತ್ರಜ್ಞ ಬರ್ಕ್ ರೋಚ್‌ಫರ್ಡ್ ಬರೆದ ಲೇಖನ ಅಚ್ಚಾದದ್ದು ಇಸ್ಕಾನಿನ ಸ್ವಂತ ಪತ್ರಿಕೆಯಲ್ಲೇ, ಅದೇ ವರ್ಷ ಮಕ್ಕಳ ರಕ್ಷಣೆಗೆ ಕಚೇರಿಯನ್ನೂ ತೆರೆದರು. ತಡವಾಯಿತು, ಬಹಳ ತಡವಾಯಿತು, ಆದರೂ ಮಾಡಿದರು. ನಮ್ಮಲ್ಲಿ ಎಷ್ಟು ಮಠ, ಎಷ್ಟು ಆಶ್ರಮ ತನ್ನ ಹುಳುಕನ್ನು ತಾನೇ ಅಚ್ಚು ಹಾಕಿದೆ ಹೇಳು. ತಪ್ಪೇ ನಡೆಯದ ಸಂಸ್ಥೆ ಅಂತ ಇಲ್ಲ. ತಪ್ಪು ಹೇಳಿದವರಿಗೆ ಏನಾಗುತ್ತದೆ ಅನ್ನುವುದರಲ್ಲಿ ಒಂದು ಸಂಸ್ಥೆಯ ಯೋಗ್ಯತೆ ತಿಳಿಯುತ್ತದೆ.

ನಿನ್ನ ಬೆಂಗಳೂರಿಗೇ ಬಾ. ನೀನು ಹೋಗುವುದು ರಾಜಾಜಿನಗರದ ಹರೇಕೃಷ್ಣ ಗಿರಿಗೋ, ಶೇಷಾದ್ರಿಪುರದ ಜಗನ್ನಾಥ ಮಂದಿರಕ್ಕೋ? ಎರಡರ ಬೋರ್ಡಿನ ಮೇಲೂ ಇಸ್ಕಾನ್ ಅಂತಲೇ ಇದೆ, ಆದರೆ ಅತಿ ಮುಖ್ಯವಾದ ಪ್ರಶ್ನೆಗೆ ಎರಡು ಕಡೆ ಎರಡು ಉತ್ತರ. 1997ರಲ್ಲಿ ಉದ್ಘಾಟನೆಯಾದ ರಾಜಾಜಿನಗರದ ದೇವಸ್ಥಾನದ ಗುಂಪು, ಪ್ರಭುಪಾದರೇ ಇವತ್ತಿಗೂ ದೀಕ್ಷಾಗುರು, ಬೇರೆಯವರು ಅವರ ಪರವಾಗಿ ನಡೆಸಿಕೊಡುವವರಷ್ಟೇ ಅನ್ನುತ್ತದೆ, ಆ ಜುಲೈ ಪತ್ರದ ಆಧಾರದ ಮೇಲೆ. ಶೇಷಾದ್ರಿಪುರ ಸೇರಿರುವ, ಮುಂಬೈ ಸೊಸೈಟಿ ಮತ್ತು ಜಾಗತಿಕ ಆಡಳಿತ ಮಂಡಳಿಯ ಕಡೆಯಲ್ಲಿ ಬದುಕಿರುವ ಗುರುಗಳು ದೀಕ್ಷೆ ಕೊಡುತ್ತಾರೆ. ಈ ಕಡೆಯವರ ಲೆಕ್ಕದಲ್ಲಿ ಆ ಕಡೆಯ ದೀಕ್ಷೆ ದೀಕ್ಷೆಯಲ್ಲ, ಆ ಕಡೆಯವರ ಲೆಕ್ಕದಲ್ಲಿ ಈ ಕಡೆಯದ್ದು ಅಲ್ಲ. ದೇವಸ್ಥಾನದ ಆಸ್ತಿ ಯಾರದ್ದು ಅಂತ ಎರಡು ದಶಕ ಮೀರಿ ಕೋರ್ಟಿನಲ್ಲಿ ಹೋರಾಡಿದರು. 2011ರಲ್ಲಿ ಹೈಕೋರ್ಟು ಮುಂಬೈಯವರ ಕಡೆ, 2025ರ ಮೇನಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿನವರ, ಅಂದರೆ ರಾಜಾಜಿನಗರದವರ ಕಡೆ ತೀರ್ಪು ಕೊಟ್ಟಿತು, ಅದರ ಮೇಲೂ ಮರುಪರಿಶೀಲನೆಯ ಅರ್ಜಿ ಬಿತ್ತು. ಆಸ್ತಿಯನ್ನು ಕೋರ್ಟು ಹಂಚಬಹುದು, ಗುರು ಯಾರು ಅಂತ ಯಾವ ಕೋರ್ಟೂ ನಿನಗೆ ಹೇಳುವುದಿಲ್ಲ. 2000ದಲ್ಲಿ ಐದು ಶಾಲೆಗಳ 1,500 ಮಕ್ಕಳಿಗೆ ಬಿಸಿಯೂಟ ಕೊಟ್ಟು ಶುರುವಾದ ಅಕ್ಷಯಪಾತ್ರೆ ಇದೇ ಬೆಂಗಳೂರಿನವರದ್ದು, ದೊಡ್ಡ ಕೆಲಸ, ಮೆಚ್ಚುತ್ತೇನೆ. ಅನ್ನ ಹಾಕಿದ ಪುಣ್ಯ ಅವರಿಗೆ ಖಂಡಿತ ಇದೆ, ಆ ಪುಣ್ಯದಿಂದ ಜುಲೈ ಪತ್ರದ ಅರ್ಥ ಇತ್ಯರ್ಥವಾಗುವುದಿಲ್ಲ.

ಗುರುವನ್ನು ಪರೀಕ್ಷಿಸುವುದು ಅಪಚಾರ ಅಂತ ನಿನಗೆ ಅನ್ನಿಸಿದೆ. ಯಾರು ಹಾಗೆ ಹೇಳಿಕೊಟ್ಟರೋ! ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಗುರುವಿನ ಹತ್ತಿರ ಹೋಗುವ ಕ್ರಮ ಹೇಳುವಾಗ ನಮಸ್ಕಾರ, ಸೇವೆಗಳ ಜೊತೆಗೆ ಪ್ರಶ್ನೆಯನ್ನೂ ಕೃಷ್ಣ ಸೇರಿಸಿದ್ದಾನೆ. ಅದರ ವಿವರಣೆಯಲ್ಲಿ ಪ್ರಭುಪಾದರೇ ಕುರುಡು ಅನುಸರಣೆಯನ್ನೂ ಅರ್ಥವಿಲ್ಲದ ಪ್ರಶ್ನೆಗಳನ್ನೂ ಒಟ್ಟಿಗೆ ಖಂಡಿಸಿದ್ದಾರೆ. ಕ್ಲಾಸುಗಳಲ್ಲಿ ಎರಡನೆಯ ಅರ್ಧವನ್ನೇ ಹೆಚ್ಚು ಹೇಳುತ್ತಾರೆ ಅಂತ ನನ್ನ ಗುಮಾನಿ. ಉದ್ಯೋಗಪರ್ವದಲ್ಲಿ ಅಂಬೆಯ ಪ್ರಸಂಗದಲ್ಲಿ ಭೀಷ್ಮ ಪರಶುರಾಮರಿಗೆ ಹೇಳುವ ಮಾತೊಂದಿದೆ: ಸೊಕ್ಕಿದ, ಮಾಡಬೇಕಾದ್ದು ಬಿಡಬೇಕಾದ್ದು ತಿಳಿಯದ, ದಾರಿ ತಪ್ಪಿದ ಗುರುವನ್ನೂ ಬಿಡುವುದು ವಿಹಿತ ಅಂತ. ಗೌಡೀಯರ ಜೀವ ಗೋಸ್ವಾಮಿಗಳು ಭಕ್ತಿಸಂದರ್ಭದಲ್ಲಿ ಅದನ್ನೇ ಎತ್ತಿ ಹೇಳಿದ್ದಾರೆ. ಶುಕ್ರಾಚಾರ್ಯರ ಮಾತು ಮೀರಿ ವಾಮನನಿಗೆ ಮೂರು ಹೆಜ್ಜೆ ಕೊಟ್ಟ ಬಲಿಯನ್ನು ನಾವು ದೀಪಾವಳಿಗೆ ಮನೆಗೇ ಕರೆಯುತ್ತೇವಲ್ಲ.

ಗೌಡೀಯರ ಆಚಾರಗ್ರಂಥ ಹರಿಭಕ್ತಿವಿಲಾಸ. ಅದನ್ನು ಬರೆದ ಗೋಪಾಲಭಟ್ಟ ಗೋಸ್ವಾಮಿಗಳು ನಮ್ಮ ದಕ್ಷಿಣದವರು, ಶ್ರೀರಂಗದ ಮನೆತನ. ಗುರು ಶಿಷ್ಯರು ಒಂದು ವರ್ಷ ಒಬ್ಬರನ್ನೊಬ್ಬರು ನೋಡಬೇಕು, ಆಮೇಲೆ ದೀಕ್ಷೆ ಅಂತ ಅದರಲ್ಲಿ ವಿಧಿ ಇದೆ. ಅವರು ನಿನ್ನನ್ನು ನೋಡುತ್ತಿದ್ದಾರೆ, ಮಾಲೆ ಎಷ್ಟಾಯಿತು, ಮಂಗಳಾರತಿಗೆ ಬಂದಳಾ ಅಂತ ಲೆಕ್ಕ ಇಡುತ್ತಿದ್ದಾರೆ. ನೀನು ಅವರನ್ನು ನೋಡುತ್ತಿದ್ದೀಯಾ? ಮುಂದಿನ ಕ್ಲಾಸಿನಲ್ಲಿ, ಮಧ್ವರು ಎಲ್ಲ ಅವತಾರ ಸಮ ಅಂದಿದ್ದಾರಲ್ಲ, ನೀವು ಹಾಗಲ್ಲ ಅನ್ನುತ್ತೀರಲ್ಲ ಅಂತ ಕೇಳು. ಗೊತ್ತಿಲ್ಲ, ಓದಿ ಹೇಳುತ್ತೇನೆ ಅಂದರೆ ಒಳ್ಳೆಯವರು. ನಿನ್ನ ಅಹಂಕಾರ ಪ್ರಶ್ನೆ ಕೇಳಿಸುತ್ತಿದೆ ಅಂದರೆ ಎದ್ದು ಬಾ. ಎರಡು ವಾರ ಹೋಗದೆ ಇರು, ಹುಷಾರಿದ್ದೀಯಾ ಅಂತ ಕೇಳುತ್ತಾರೋ, ಮಾಯೆಗೆ ಬಿದ್ದೆ ಅನ್ನುತ್ತಾರೋ ನೋಡು. ಹಿಂದೆ ಬಿಟ್ಟುಹೋದವರ ಬಗ್ಗೆ ಹೇಗೆ ಮಾತಾಡುತ್ತಾರೆ ಅಂತಲೂ ಕೇಳಿಸಿಕೋ, ನಾಳೆ ನಿನ್ನ ಬಗ್ಗೆಯೂ ಅದೇ ಮಾತು. ಕೊಟ್ಟ ದುಡ್ಡಿಗೆ ರಸೀದಿ ತಗೋ. ಸಂಬಳದಲ್ಲಿ ಎಷ್ಟು ಕೊಡುತ್ತೀಯ ಅಂತ ಮೊದಲೇ ನಿಶ್ಚಯಿಸು, ಕೀರ್ತನೆ ಏರಿದ ಹೊತ್ತಿನಲ್ಲಿ ಅಲ್ಲ.

ಅವರು ಹೇಳುವ ಹದಿನಾರು ಮಾಲೆ ಜಪ ಅಂದರೆ ದಿನಕ್ಕೆ 1,728 ಸಲ ಮಂತ್ರ, ಅಭ್ಯಾಸವಿದ್ದವರಿಗೂ ಎರಡು ಗಂಟೆ ಹತ್ತಿರ ಹಿಡಿಯುತ್ತದೆ. ಮಾಡಬೇಕು ಅನ್ನಿಸಿದರೆ ಮಾಡು. ಹರಿನಾಮಕ್ಕೆ ಯಾರ ಅಪ್ಪಣೆಯೂ ಬೇಡ, ಯಾವ ಸಂಸ್ಥೆಯ ಸದಸ್ಯತ್ವವೂ ಬೇಡ. ಹರಿದಾಸರು ಇದೇ ನಾಮವನ್ನು ಕೈಯಲ್ಲಿ ತಂಬೂರಿ ಹಿಡಿದು ಬೀದಿಯಲ್ಲಿ ಕೊಟ್ಟುಹೋದರು. ಮಾಂಸ, ಮದ್ಯ, ಜೂಜು ಬಿಟ್ಟದ್ದರಿಂದ ಯಾರಿಗೂ ಕೇಡಾದದ್ದಿಲ್ಲ. ಕೆಲಸ ಮಾತ್ರ ಬಿಡಬೇಡ, ಆಶ್ರಮಕ್ಕೆ ವಾಸ ಬದಲಾಯಿಸಬೇಡ, ಮದುವೆಯ ಮಾತನ್ನು ಅಲ್ಲಿನ ಹಿರಿಯರ ಕೈಗೆ ಕೊಡಬೇಡ, ಈ ಒಂದು ವರ್ಷ.

ವರ್ಷ ಕಳೆದ ಮೇಲೂ ದೀಕ್ಷೆ ಬೇಕು ಅನ್ನಿಸಿದರೆ ನಾನು ಅಡ್ಡ ಬರುವುದಿಲ್ಲ. ಯಾವ ಇಸ್ಕಾನಿನಲ್ಲಿ, ಯಾರಿಂದ, ಆ ಗುರು ತಪ್ಪಿದರೆ ಅವರನ್ನು ಕೇಳುವವರು ಯಾರು, ಈ ಮೂರಕ್ಕೆ ಉತ್ತರ ಬರೆದು ನನಗೆ ಕಳಿಸಿ ಆಮೇಲೆ ತೆಗೆದುಕೋ.

ನಿನ್ನ
ದೊಡ್ಡಮ್ಮ